ತಪ್ಪುಗಾಣಿಕೆಯೂ ತಿದ್ದಿಕೊಳ್ಳುವಿಕೆಯೂ

‘ಪ್ರಾಯಶ್ಚಿತ್ತ’ವೆಂಬ ಶಬ್ದವನ್ನು ಬಿಡಿಸುವ ಧರ್ಮಶಾಸ್ತ್ರಕಾರರು ‘ಪ್ರಾಯ’ವೆಂದರೆ ತಪಸ್ಸು, ‘ಚಿತ್ತ’ವೆಂದರೆ ನಿಶ್ಚಯ ಎಂದು ಅರ್ಥ ಹೇಳುತ್ತಾರೆ. ಉಪವಾಸ, ದಾನ, ತೀರ್ಥಸ್ನಾನಗಳೆಲ್ಲ ಇದರಲ್ಲಿ ಅಡಕವಾಗಿವೆ. ಅರ್ಥವೇನೋ ಉದಾತ್ತವಾದುದೇ. ಆದರೆ ಇದು ತಪ್ಪು ಮಾಡಿದವನಿಗೂ ದೈವಕ್ಕೂ ನಡುವೆ ಮುಗಿದುಹೋಗುವ ವ್ಯವಹಾರ. ಕೇಡನ್ನು ಉಂಡವನು ಇದರಲ್ಲಿ ಎಲ್ಲಿ ನಿಲ್ಲಬೇಕು? ನೀರಿನಲ್ಲಿ ಮುಳುಗಿದರೆ ಪಾಪ ಕಳೆಯುವುದೆಂಬುದನ್ನು ಬಸವಾದಿ ಶರಣರು ಒಪ್ಪದಿರುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಶಲವಡಿಯಂತಹ ಎರೆನಾಡಿನ ಊರುಗಳಲ್ಲಿ ಈ ಪ್ರಶ್ನೆ ಹೊಲದ ಬದುವಿನ ಮೇಲೆಯೇ ಕುಳಿತಿದೆ. ಎರೆಮಣ್ಣು ಮಳೆಗೆ ಸವೆಯುತ್ತದೆ, ಬದು ಕರಗುತ್ತದೆ. ಹರಗುವಾಗ ವರ್ಷಕ್ಕೊಂದು ಸಾಲು ನೆರೆಯವನ ಕಡೆ ಸರಿದರೆ ಹತ್ತು ವರ್ಷಗಳಲ್ಲಿ ಬಾಂದುಕಲ್ಲೇ ನಮ್ಮ ಹೊಲದೊಳಗೆ ಬಂದು ನಿಲ್ಲುತ್ತದೆ. ಹಾಗೆ ಸರಿಸಿದವನು ಕೆಟ್ಟವನೇ ಆಗಿರಬೇಕೆಂದಿಲ್ಲ. ನಿತ್ಯ ಲಿಂಗಪೂಜೆ ಮಾಡುವವನು, ಜಾತ್ರೆಯ ದಾಸೋಹಕ್ಕೆ ಜೋಳದ ಚೀಲ ಕಳಿಸುವವನು ಆಗಿರಬಹುದು. ಮನಸ್ಸು ಚುಚ್ಚಿದಾಗ ಮಠಕ್ಕೆ ಬಂದು ತಪ್ಪುಗಾಣಿಕೆ ಇಟ್ಟು ಗದ್ದುಗೆಗೆ ಹಣೆ ಹಚ್ಚುತ್ತಾನೆ. ಕಣ್ಣೀರೂ ನಿಜವೇ. ಆದರೆ ಮಠಕ್ಕೆ ಕಾಣಿಕೆ ಬಂದ ಮಾತ್ರಕ್ಕೆ ನೆರೆಯವನ ಸಾಲು ತಿರುಗಿ ಬಂದಂತಾಗಲಿಲ್ಲ. ಮಠದಲ್ಲಿ ಬೆಳೆದ ನಾವೇ ಈ ಮಾತನ್ನು ಬರೆಯುತ್ತಿದ್ದೇವೆ. ಕಾಣಿಕೆಯನ್ನು ಹಗುರ ಮಾಡುವುದು ನಮ್ಮ ಉದ್ದೇಶವಲ್ಲ.

ಆಯ್ದಕ್ಕಿ ಲಕ್ಕಮ್ಮ-ಮಾರಯ್ಯರ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ತಂದಾಗ, ಇದು ಅತಿಯಾಸೆಯ ಅಕ್ಕಿ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ತಿರುಗಿ ಕಳಿಸಿದಳು. ಕಥೆ ಹೇಳುವವರು ಆಕೆಯ ನಿಸ್ಪೃಹತೆಯನ್ನು ಹೊಗಳಿ ಮುಗಿಸುತ್ತಾರೆ. ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ‘ಅಲ್ಲಿಯೇ’ ಎಂಬ ಮಾತು. ಹೆಚ್ಚಿನ ಅಕ್ಕಿಯನ್ನು ಬಡವರಿಗೆ ಹಂಚಿಬಿಡಿ ಎಂದು ಆಕೆ ಹೇಳಬಹುದಿತ್ತು, ಜಂಗಮದಾಸೋಹಕ್ಕೇ ಬಳಸಬಹುದಿತ್ತು. ಹಾಗೆ ಮಾಡಿದ್ದರೆ ಅತಿಯಾಸೆಯ ಮೇಲೆ ಪುಣ್ಯದ ಹೊದಿಕೆ ಹೊದಿಸಿದಂತಾಗುತ್ತಿತ್ತು.

ಒಬ್ಬ ವ್ಯಕ್ತಿಗೆ ಸಲ್ಲುವ ಈ ಮಾತು ಸರಕಾರಕ್ಕೂ ಸಲ್ಲಬೇಕು. ಅದರ ನೆನಪು ನವಲಗುಂದ ಸೀಮೆಯವರಿಗೆ ಹೊಸದಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ ಮೇಲೆ, ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಎಂಬ ಕರ ಬಿತ್ತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಬಂದಿತೆಂಬುದು ರೈತರ ಅಳಲು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲೀಬಾರು ನಡೆದು ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಅವರು ಮಡಿದರು. ಆಗ ಮುಖ್ಯಮಂತ್ರಿಯಾಗಿದ್ದವರು ಗುಂಡೂರಾವ್. ಚಳವಳಿ ನಾಡಿನಾದ್ಯಂತ ಹಬ್ಬಿತು, ಕರದ ವಸೂಲಿ ನಿಂತಿತು. 1983ರ ಚುನಾವಣೆಯಲ್ಲಿ ಆ ಸರಕಾರವೇ ಹೋಯಿತು.

ವಸೂಲಿ ನಿಂತದ್ದು ತಪ್ಪು ತಿದ್ದಿಕೊಂಡಂತೆಯೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಕೈಯೆತ್ತಿ ಹೊಡೆದವನು ಕೈ ಇಳಿಸಿದನು, ಅಷ್ಟೆ. ಈ ವೃತ್ತಾಂತದ ಇನ್ನೊಂದು ಮಗ್ಗುಲನ್ನು ನಮ್ಮವರು ಮೆಲುದನಿಯಲ್ಲಿ ಹೇಳುತ್ತಾರೆ, ಇಲ್ಲವೆ ಹೇಳುವುದೇ ಇಲ್ಲ. ಅದೇ ದಿನ ನರಗುಂದದಲ್ಲಿ ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಪ್ರತಿ ಜುಲೈ 21ರಂದು ರೈತರು ಹುತಾತ್ಮರ ಸ್ಮಾರಕಕ್ಕೆ ಮಾಲೆ ಹಾಕುತ್ತಾರೆ, ಹಾಕಬೇಕಾದದ್ದೇ. ಆ ಪೊಲೀಸರ ಮನೆಗಳಲ್ಲಿಯೂ ಅಂದು ಕುಂಕುಮ ಅಳಿಯಿತೆಂಬುದನ್ನು ಅದೇ ವೇದಿಕೆಯಿಂದ ಒಂದು ಮಾತಿನಲ್ಲಿ ಆಡಿದರೆ ರೈತರ ನ್ಯಾಯ ಕುಂದುವುದಿಲ್ಲ.

ತಡವಾದರೆ ಏನಾಗುತ್ತದೆಂಬುದಕ್ಕೆ ದೂರದ ಒಂದು ನಿದರ್ಶನವಿದೆ. 1914ರಲ್ಲಿ ‘ಕೋಮಗಾತ ಮಾರು’ ಹಡಗಿನಲ್ಲಿ ಹೋದ ಭಾರತೀಯರನ್ನು ಕೆನಡಾ ದೇಶವು ದಡಕ್ಕಿಳಿಸದೆ ಮರಳಿಸಿತು. ಅದಕ್ಕಾಗಿ ಅಲ್ಲಿಯ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು, 102 ವರ್ಷಗಳ ತರುವಾಯ. ಮೊಮ್ಮಕ್ಕಳಿಗೆ ಅದರಿಂದ ಸಮಾಧಾನ ದೊರೆತಿರಬಹುದು. ಹಡಗಿನಲ್ಲಿ ಹಸಿದು ಕುಳಿತವರ ಕಿವಿಗೆ ಆ ಮಾತು ಬೀಳಲಿಲ್ಲ.

ಇನ್ನು ನಮ್ಮ ಮನೆಯ ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಬರೆದಿದ್ದಾರೆ. ಆದ್ದರಿಂದ ಇದು ನಮಗೆ ಅನ್ವಯಿಸದೆಂದು ಯಾರೂ ಜಾರಿಕೊಳ್ಳುವಂತಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲೆಂದು ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದಿತು. ಆಗ ಮದುವೆಯಾಗಿ ಹೋದವರು ಹೊರಗುಳಿದಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದರೂ ಎಷ್ಟೋ ಮನೆಗಳಲ್ಲಿ ನಡೆಯುವುದೇನು? ಅಕ್ಕತಂಗಿಯರನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿ, ಸಂಜೆ ಹೋಳಿಗೆಯೂಟ ಮಾಡಿಸುತ್ತಾರೆ. ‘ತವರು ಬೇಕೋ ಹೊಲ ಬೇಕೋ’ ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವ ಅಗತ್ಯವೂ ಬೀಳುವುದಿಲ್ಲ. ಪಂಚಮಿಗೆ ಕರೆತಂದು ಉಡಿ ತುಂಬುವ ಸೀರೆ, ಕುಬಸ, ಉಂಡಿಗಳೆಲ್ಲ ಆಮೇಲೆ ತಪ್ಪುಗಾಣಿಕೆಯೇ ಆಗಿಬಿಡುತ್ತವೆ.

ಮನವೊಪ್ಪಿ ಬಿಟ್ಟುಕೊಟ್ಟ ತಂಗಿಯರೂ ಇದ್ದಾರೆ. ಅಂಥವರ ಔದಾರ್ಯ ಅವರದು, ಅಣ್ಣನ ಲೆಕ್ಕಕ್ಕೆ ಸೇರುವಂಥದಲ್ಲ. ಕೇಳದೆಯೇ ಪಡೆದ ಸಹಿಯಾಗಿದ್ದರೆ ದಾರಿಗಳಿವೆ: ದಾನಪತ್ರದ ಮೂಲಕ ಭೂಮಿಯನ್ನೇ ತಿರುಗಿ ಕೊಡಬಹುದು, ಇಲ್ಲವೆ ಇಂದಿನ ಬೆಲೆ ಕಟ್ಟಿ ಹಣ ಕೊಡಬಹುದು. ಇವೆರಡಕ್ಕೂ ಮೊದಲು, ಈ ಶ್ರಾವಣದಲ್ಲಿ ಆಕೆ ತವರಿಗೆ ಬಂದಾಗ ಪೆಟ್ಟಿಗೆಯೊಳಗಿನ ಆ ಪತ್ರವನ್ನು ಹೊರತೆಗೆದು, ಅದರಲ್ಲಿ ಬರೆದದ್ದನ್ನು ಆಕೆಗೆ ಒಮ್ಮೆ ಪೂರ್ತಿಯಾಗಿ ಓದಿ ಹೇಳಬಹುದು.