ಎಕ್ಸ್-ಕಿರಣದ ಸ್ಪಂದಕ್ಕೆ ಲೇಸರ್ ಸಾಕ್ಷಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 192 ಲೇಸರ್ ದೂಲಗಳಿಂದ ಹೈಡ್ರೊಜನ್ ಇಂಧನದ ಪುಟ್ಟ ಗುಳಿಗೆಯನ್ನು ಅದುಮಿ ಬೈಜಿಕ ಸಮ್ಮಿಲನ ಉಂಟುಮಾಡುತ್ತಾರೆ. 2022ರ ಡಿಸೆಂಬರ್ 5ರಂದು ಅಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿ ವ್ಯಯಿಸಿ 3.15 ಮೆಗಾಜೂಲ್ ಸಮ್ಮಿಲನ ಶಕ್ತಿಯನ್ನು ಪಡೆಯಲಾಯಿತು. ಗುಳಿಗೆ ಉರಿಯುವುದು ಮಾತ್ರ ಸುಮಾರು 100 ಪಿಕೊಸೆಕೆಂಡ್. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಬೆಳಕು ಕೂಡ ಸಾಗುವುದು 0.3 ಮಿಲಿಮೀಟರ್ ಅಷ್ಟೆ! ಈ ಅವಧಿಯಲ್ಲಿ ಹೊಮ್ಮುವ ಎಕ್ಸ್-ಕಿರಣಗಳ ಏರಿಳಿತ ದಾಖಲಾಗದಿದ್ದರೆ ಪ್ರಯೋಗ ಎಲ್ಲಿ ಎಡವಿತೆಂದು ತಿಳಿಯುವುದು ಕಷ್ಟ.

ರೂಢಿಯಲ್ಲಿರುವ ಅರೆವಾಹಕ ಸಂವೇದಕದಲ್ಲಿ ಎಕ್ಸ್-ಕಿರಣವು ಎಲೆಕ್ಟ್ರಾನು ಮತ್ತು ರಂಧ್ರಗಳ ಜೋಡಿಗಳನ್ನು ಉಂಟುಮಾಡುತ್ತದೆ. ವೋಲ್ಟೇಜ್ ಒಡ್ಡಿ ಅವನ್ನು ಎಳೆದು, ತಂತಿಯ ಮೂಲಕ ಆಸಿಲೋಸ್ಕೋಪಿಗೆ ಕಳಿಸಬೇಕು. ಆವೇಶಗಳು ವಿದ್ಯುದಗ್ರ ತಲುಪಲು ಸಮಯ ಬೇಕು. ಉದ್ದದ ತಂತಿಯಲ್ಲಿ ಚೂಪಾದ ಸ್ಪಂದ ಮೊಂಡಾಗುತ್ತದೆ. ಸಾಲದೆಂಬಂತೆ, ಪ್ರಯೋಗದ ವೇಳೆ ಹುಟ್ಟುವ ವಿದ್ಯುತ್ಕಾಂತೀಯ ಗದ್ದಲವೂ ಅದೇ ತಂತಿಯೊಳಗೆ ನುಸುಳುತ್ತದೆ.

ಆವೇಶಗಳನ್ನು ಎಳೆಯುವುದೇ ಬೇಡ, ಇದ್ದಲ್ಲಿಯೇ ಅವನ್ನು ಬೆಳಕಿನಿಂದ ಗುರುತಿಸೋಣ ಎಂಬುದು ಹೊಸ ಉಪಾಯ. ಇದೇ ಪ್ರಯೋಗಾಲಯದ ತಜ್ಞರು 2004ರಲ್ಲಿ ವರದಿ ಮಾಡಿದ 'ರ್‍ಯಾಡ್‌ಸೆನ್ಸರ್' ಈ ಬಗೆಯದು. ಗ್ಯಾಲಿಯಂ ಆರ್ಸೆನೈಡ್‌ನಂಥ ಅರೆವಾಹಕದ ತೆಳು ಪದರದ ಎರಡೂ ಬದಿಗೆ ಕನ್ನಡಿಗಳಿವೆ ಎಂದುಕೊಳ್ಳಿ. ಪದರವು ಹೀರಲಾರದ ಬಣ್ಣದ ಲೇಸರ್ ಬೆಳಕು ಕನ್ನಡಿಗಳ ನಡುವೆ ಹಲವು ಬಾರಿ ಓಡಾಡಿ ಹಿಂದಿರುಗುತ್ತದೆ. 10,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದು ಎಕ್ಸ್-ಕಿರಣ ಫೋಟಾನನ್ನು ಪದರ ಹೀರಿದರೆ ಅಲ್ಲಿ ಸುಮಾರು 2,400 ಜೋಡಿಗಳು ಹುಟ್ಟುತ್ತವೆ. ಇವುಗಳಿಂದ ಪದರದ ವಕ್ರೀಭವನಾಂಕ ಕಿಂಚಿತ್ ಬದಲಾಗುತ್ತದೆ. ಬದಲಾವಣೆ ಅತ್ಯಲ್ಪ, ಆದರೆ ಬೆಳಕು ಹಲವು ಸುತ್ತು ಹಾಕುವುದರಿಂದ ಅದರ ಪರಿಣಾಮ ಕೂಡುತ್ತ ಹೋಗುತ್ತದೆ. ಅಲೆಗಳ ವ್ಯತಿಕರಣ ಬದಲಾಗಿ, ಹಿಂದಿರುಗುವ ಬೆಳಕಿನ ತೀವ್ರತೆ ಏರುತ್ತದೆ ಇಲ್ಲವೆ ಇಳಿಯುತ್ತದೆ. ಎಕ್ಸ್-ಕಿರಣದ ಸ್ಪಂದ ಹೀಗೆ ಲೇಸರ್ ಸಂಕೇತವಾಗುತ್ತದೆ. ಅದನ್ನು ದ್ಯುತಿತಂತುವಿನಲ್ಲಿ ಸುರಕ್ಷಿತ ದೂರಕ್ಕೆ ಒಯ್ಯಬಹುದು. ವಿದ್ಯುತ್ಕಾಂತೀಯ ಗದ್ದಲದ ಹಂಗು ಗಾಜಿನ ಎಳೆಗಿಲ್ಲ.

ತೊಡಕು ಇರುವುದು ಸ್ಪಂದ ಮುಗಿದ ಮೇಲೆ. ಎಲೆಕ್ಟ್ರಾನು ರಂಧ್ರವನ್ನು ಮರಳಿ ಸೇರುವ ತನಕ ವಕ್ರೀಭವನಾಂಕ ಮೊದಲಿನಂತಾಗದು. ಶುದ್ಧ ಹರಳಿನಲ್ಲಿ ಇದು ನ್ಯಾನೊಸೆಕೆಂಡುಗಳಷ್ಟು ತಡ, ಅಂದರೆ ಗುಳಿಗೆ ಉರಿದ ಅವಧಿಯ ಹತ್ತಾರು ಪಟ್ಟು. ಆಗ ಸಂಕೇತದ ಏರಿಕೆ ಚೂಪಾಗಿದ್ದರೂ ಇಳಿಕೆ ಬಾಲದಂತೆ ಎಳೆದುಕೊಳ್ಳುತ್ತದೆ. ಪರಿಹಾರ ವಿಚಿತ್ರವಾಗಿದೆ: ಹರಳನ್ನು ಕಡಿಮೆ ಉಷ್ಣತೆಯಲ್ಲಿ ಬೆಳೆಸಿ ಬೇಕೆಂದೇ ದೋಷಗಳನ್ನು ಉಳಿಸುತ್ತಾರೆ. ದೋಷಗಳು ಆವೇಶಗಳನ್ನು ಬೇಗನೆ ಸೆರೆಹಿಡಿಯುವುದರಿಂದ ಕೆಲವೇ ಪಿಕೊಸೆಕೆಂಡುಗಳಲ್ಲಿ ಪದರ ಮುಂದಿನ ಏರಿಳಿತಕ್ಕೆ ಅಣಿಯಾಗುತ್ತದೆ.