ಲೈನ್ ಎಳೆಯೋಕೆ ಎಷ್ಟು ಒಪ್ಪಿಗೆ ಬೇಕು?

ಮುತ್ತಿನಕೊಪ್ಪದ ಅಡಿಕೆ ತೋಟದ ಪಂಪ್‌ಸೆಟ್‌ಗೆ
ಕರೆಂಟ್ ಹೇಗೆ ಬರುತ್ತೆ ಗೊತ್ತಾ?
ಕಾಡು ದಾಟಿ, ಗುಡ್ಡ ಹತ್ತಿ, ಟವರ್‌ನಿಂದ ಟವರ್‌ಗೆ.

ದೊಡ್ಡ ಲೈನ್ ಎಳೆಯೋಕೆ ಸರ್ಕಾರದ ಒಪ್ಪಿಗೆ ಬೇಕು.
ಮಧ್ಯೆ ಕಾಡು ಸಿಕ್ಕರೆ,
1980ರ ಅರಣ್ಯ ಕಾಯ್ದೆಯಡಿ ಕೇಂದ್ರದ ಅನುಮತಿಯೂ ಬೇಕು.
ಅಣ್ಣತಮ್ಮಂದಿರ ಆಸ್ತಿ ಪಾಲಿನ ಹಾಗೆ.
ಒಬ್ಬರ ಸಹಿ ಬಾಕಿಯಿದ್ದರೂ ಪತ್ರ ನೋಂದಣಿ ಆಗಲ್ಲ!

ಅದಕ್ಕೇ 2018ರಲ್ಲಿ ಪರಿವೇಶ್ ಬಂತು.
ಅರಣ್ಯ, ಪರಿಸರ, ವನ್ಯಜೀವಿ ಅನುಮತಿಗೆ ಒಂದೇ ಪೋರ್ಟಲ್.
ಒಳ್ಳೆಯ ಹೆಜ್ಜೆ.

ಆದರೆ ರೈತರ ಕಥೆ?
400 ಕೆವಿ ಲೈನ್‌ಗೆ 46 ಮೀಟರ್ ಅಗಲದ ದಾರಿ.
ಅದರೊಳಗಿನ ಅಡಿಕೆ, ತೆಂಗು ಕಡಿಯಬೇಕು.
ಉಡುಪಿ–ಕಾಸರಗೋಡು ಲೈನ್‌ಗೆ ಕೃಷಿಕರು ವಿರೋಧಿಸಿದ್ದು ಇದಕ್ಕೇ.

2024ರ ಕೇಂದ್ರ ಮಾರ್ಗಸೂಚಿ ಹೇಳುತ್ತೆ:
ಟವರ್ ಜಾಗಕ್ಕೆ ಭೂಮಿ ಬೆಲೆಯ 2 ಪಟ್ಟು ಪರಿಹಾರ,
ತಂತಿಯ ಕೆಳಗಿನ ಜಾಗಕ್ಕೆ ಶೇಕಡ 30.

ಅನುಮತಿ ಬೇಗ ಸಿಗಲಿ.
ಮರಕ್ಕೆ ಕೊಡಲಿ ಬೀಳುವ ಮೊದಲೇ
ಪರಿಹಾರ ರೈತರ ಕೈ ಸೇರಲಿ.