ಸುರಪುರದ ಗುಡ್ಡ, ಸಿನಿಮಾದ ಠಕ್ಕ

ಡ್ರಾಕುಲಾ ಎಂದರೆ ಯಾದಗಿರಿಯ ಕಾಲೇಜು ಹುಡುಗರೂ ಕೋರೆಹಲ್ಲು, ಕರಿ ನಿಲುವಂಗಿ ಎಂದು ಥಟ್ಟನೆ ಹೇಳುತ್ತಾರೆ. ಹಣೆಗೆ ಹೊಲಿಗೆ ಬಿದ್ದ ದೈತ್ಯ ಫ್ರಾಂಕೆನ್‌ಸ್ಟೈನ್ ಎನ್ನುತ್ತಾರೆ. ಅದು ದೈತ್ಯನ ಹೆಸರಲ್ಲ. ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಅವನನ್ನು ಸೃಷ್ಟಿಸಿದವನ ಮನೆತನದ ಹೆಸರು. ಡ್ರಾಕುಲಾ ಬಿಸಿಲು ತಾಗಿದರೆ ಸಾಯುತ್ತಾನೆ ಎಂಬುದೂ ಸಿನಿಮಾ ಕಲಿಸಿದ ಮಾತೇ. ಬ್ರಾಮ್ ಸ್ಟೋಕರ್‌ನ 1897ರ ಪುಸ್ತಕದಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ. ರಕ್ತಪಿಶಾಚಿಯನ್ನು ಬೆಳಕಿಗೆ ಕರಗಿಸಿದ್ದು 1922ರ ಮೂಕಿಚಿತ್ರ ‘ನೊಸ್ಫೆರಾಟು’.

ಇವು ಸಣ್ಣ ತಪ್ಪುಗಳು, ಇವುಗಳಿಂದ ಯಾರಿಗೂ ನೋವಿಲ್ಲ. ನನ್ನನ್ನು ಕಾಡುವುದು ಬೇರೊಂದು ನಂಬಿಕೆ: ಈ ರಾಕ್ಷಸರೆಲ್ಲ ಪರದೇಶದವರು, ನಮ್ಮ ಸೀಮೆಗೂ ಅವರಿಗೂ ನಂಟಿಲ್ಲ ಎಂಬುದು.

ಬ್ರಿಟನ್ನಿನ ಹ್ಯಾಮರ್ ಸಂಸ್ಥೆಗೆ 1958ರಲ್ಲಿ ‘ಡ್ರಾಕುಲಾ’ ತೆಗೆದ ಟೆರೆನ್ಸ್ ಫಿಶರ್, ಮರುವರ್ಷ ‘ದಿ ಮಮ್ಮಿ’ಯ ಜೊತೆಗೆ ‘ದಿ ಸ್ಟ್ರ್ಯಾಂಗ್ಲರ್ಸ್ ಆಫ್ ಬಾಂಬೆ’ಯನ್ನೂ ತೆಗೆದ. ಮಮ್ಮಿಯನ್ನು ಕೊಲೆಗೆ ಕಳಿಸುವ ಈಜಿಪ್ಟಿನವನ ಪಾತ್ರ ಮಾಡಿದ ಜಾರ್ಜ್ ಪಾಸ್ಟೆಲ್‌ನೇ ಇಲ್ಲಿ ಕಾಳಿಯ ಅರ್ಚಕ. ಹೀಗೆ ಡ್ರಾಕುಲಾನ ಸಾಲಿನಲ್ಲಿ, ದಾರಿಹೋಕರ ಕತ್ತು ಬಿಗಿದು ದೋಚುವ ಭಾರತದ ಥಗ್ ಬಂದು ನಿಂತ. ಇದಕ್ಕೂ ಬಹಳ ಮೊದಲೇ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಅವನಿಗೆ ಜಾಗ ಮಾಡಿಕೊಟ್ಟಿದ್ದು 1839ರ ‘ಕನ್ಫೆಷನ್ಸ್ ಆಫ್ ಎ ಥಗ್’. ಬರೆದವನು ಫಿಲಿಪ್ ಮೆಡೋಸ್ ಟೇಲರ್, ನಮ್ಮ ಸುರಪುರದ ಟೇಲರ್ ಸಾಹೇಬ.

ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗೆ ಆ ಪುಸ್ತಕ ಇಲ್ಲೇ ಹುಟ್ಟಿತು ಅನ್ನಿಸುವುದು ಸಹಜ. ಆದರೆ ಅವನು ಸುರಪುರಕ್ಕೆ ಬಂದದ್ದು 1841ರಲ್ಲಿ. ಪುಸ್ತಕ ಆಗಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಥಗ್ಗರನ್ನು ಅಡಗಿಸಿದವನೂ ಅವನಲ್ಲ, ಆ ಕಾರ್ಯಾಚರಣೆಯ ಮುಂದಾಳು ವಿಲಿಯಂ ಸ್ಲೀಮನ್. ಟೇಲರ್ ನಿಜಾಮನ ಸೇವೆಯಲ್ಲಿದ್ದ ಅಧಿಕಾರಿ. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ, 1853ರವರೆಗೆ, ಸಂಸ್ಥಾನದ ಆಡಳಿತ ನೋಡಿಕೊಂಡವನು.

ಇನ್ನು ಥಗ್ ಎಂದರೆ ಕಾಳಿಗೆ ನರಬಲಿ ಕೊಡುವವನು ಎಂಬ ಚಿತ್ರ. ಇದು ಗಟ್ಟಿಯಾದದ್ದು 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ನಿಂದ. ಅದರಲ್ಲಿ ಅಮರೀಶ್ ಪುರಿ ಬರಿಗೈಯಲ್ಲಿ ಜೀವಂತ ಮನುಷ್ಯನ ಎದೆಯಿಂದ ಗುಂಡಿಗೆ ಕೀಳುತ್ತಾನೆ. ಗುಂಡಿಗೆ ಕೀಳುವುದು ಬರೀ ಕಟ್ಟುಕತೆ. ದಾಖಲೆಗಳ ಥಗ್ಗರು ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಒಟ್ಟಿಗೆ ಹಾದಿ ನಡೆದು, ರುಮಾಲಿನಿಂದ ಕತ್ತು ಬಿಗಿದು ಗಂಟು ದೋಚುತ್ತಿದ್ದರು. ಗುಂಪಿನಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಟೇಲರ್‌ನ ಕಥಾನಾಯಕನ ಹೆಸರೇ ಅಮೀರ್ ಅಲಿ. ಕೊಲೆಗಾರರೇನೋ ಹೌದು, ಆದರೆ ಅವರ ಕಣ್ಣು ದುಡ್ಡಿನ ಮೇಲಿತ್ತು. ಧರ್ಮದ ಬಣ್ಣವನ್ನು ದಟ್ಟವಾಗಿ ಬಳಿದದ್ದು ಕಂಪನಿ ಸರ್ಕಾರದ ಬರಹಗಳೆಂದು ಹಲವು ಇತಿಹಾಸಕಾರರು ವಾದಿಸಿದ್ದಾರೆ.

ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ದೂರದಿಂದ ನೋಡಿದರೆ ಹಣೆ, ಮೂಗು, ಎದೆ ಎಲ್ಲ ಕಾಣುತ್ತವೆ. ಹತ್ತಿರ ಹೋದರೆ ಬಂಡೆಗಳಷ್ಟೇ. ಥಗ್ಗನನ್ನು ಲಂಡನ್ನೂ ಹಾಲಿವುಡ್ಡೂ ಅಷ್ಟೇ ದೂರದಿಂದ ನೋಡಿದವು. ನಾವು ಹತ್ತಿರದವರು. ಸಂಸ್ಕೃತದ ‘ಸ್ಥಗ’ ಹಿಂದಿಯಲ್ಲಿ ಠಗ್ ಆಗಿ, ಅಲ್ಲಿಂದ ಇಂಗ್ಲಿಷಿಗೆ ಥಗ್ ಆಗಿ ಹೋಯಿತು. ಅದೇ ಬೇರಿನ ಮಾತು ನಮ್ಮ ಬಾಯಲ್ಲಿ ಠಕ್ಕ. ತೂಕದಲ್ಲಿ ಮೋಸ ಮಾಡುವವನಿಗೆ ಸಂತೆಯಲ್ಲಿ ಇವತ್ತಿಗೂ ಬೈಯುವುದು ಅದೇ ಮಾತಿನಿಂದ.